ರದ್ದಿಗೆ ಹಾಕುವ ಮುನ್ನ

ನಮ್ಮ ತರಗತಿಯಲ್ಲಿ ಈಗ ಹಳೆಯ ವಸ್ತುಗಳ ಹುಚ್ಚು ಹಿಡಿದಿದೆ. ಒಬ್ಬಳ ಬಳಿ ಆರು ಕ್ಯಾಸೆಟ್‌ಗಳಿವೆ, ಹಾಕಿ ಕೇಳಲು ಟೇಪ್ ರೆಕಾರ್ಡರ್ ಇಲ್ಲ. ಇನ್ನೊಬ್ಬಳು ನಾನಿಯ ಕಾಲದ ಪಾನ್‌ದಾನದಲ್ಲಿ ಹೇರ್‌ಪಿನ್ ಇಡುತ್ತಾಳೆ. ನಾನೂ ಇದಕ್ಕೆ ಹೊರತಲ್ಲ. ಕಳೆದ ವರ್ಷ ಈದ್ ಆದ ಮೇಲೆ ಈದಿಯ ಹಣ ಕೂಡಿಸಿಕೊಂಡು, ಮಾಮು ಜೊತೆ ರಾಮನಗರದಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರ್‌ನಲ್ಲಿ 600 ರೂಪಾಯಿಗೆ ಕೀ ಕೊಡುವ ಎಚ್‌ಎಂಟಿ ವಾಚ್ ತಂದೆ.

ಎಚ್‌ಎಂಟಿ ನಮ್ಮ ರಾಜ್ಯದ್ದೇ ಹೆಮ್ಮೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಇನ್ನು ಮುಂದೆ ತಯಾರಾಗುವುದಿಲ್ಲ ಎಂದಮೇಲೆ ಬೇಡಿಕೆ ಹೆಚ್ಚಿತು. ಪೂರೈಕೆ ಮತ್ತು ಬೇಡಿಕೆಯ ಪಾಠ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ಬೀದಿಯ ವಾಚ್ ರಿಪೇರಿ ಚಾಚಾ ನನ್ನ ವಾಚನ್ನು ಬಿಚ್ಚಿ ನೋಡಿ ನಕ್ಕರು. ಡಯಲ್‌ಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಮುಳ್ಳುಗಳು ಬೇರೆ ವಾಚಿನವು ಎಂದರು. ಹಳೆಯದೆಂದು ಮಾರುವ ಎಷ್ಟೋ ಎಚ್‌ಎಂಟಿಗಳ ಕಥೆ ಹೀಗೆಯೇ ಅಂತೆ.

ವಾಚ್ ಮೋಸವಾಯಿತು ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಅದನ್ನು ಕೊಳ್ಳುವ ಎರಡು ವಾರ ಮುಂಚೆ ನಾನೇ ಮಾಡಿದ ಒಂದು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ನನ್ನ ದಾದಾ ರೇಷ್ಮೆ ರೀಲರ್ ಆಗಿದ್ದರು. ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಂಡು, ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಸಿನೀರಿಗೆ ಹಾಕಿ, ಚರಕದಲ್ಲಿ ನೂಲು ತೆಗೆದು ಮಾರುತ್ತಿದ್ದರು. ನಮ್ಮೂರಿನ ಬಹಳ ಮನೆಗಳ ಕಸುಬು ಇದೇ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಗೂಡು, ನೂಲು ಎರಡರ ಬೆಲೆಯೂ ಬಿತ್ತು. ನಮ್ಮ ಶೆಡ್ಡು ಅದಾದ ಒಂದು ವರ್ಷಕ್ಕೆ ಮುಚ್ಚಿತು. ಚರಕ ಗುಜರಿಗೆ ಹೋಯಿತು. ಉಳಿದದ್ದು ಒಂದು ಟ್ರಂಕು, ಅದರೊಳಗೆ ದಾದಾ ಉರ್ದುವಿನಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕಗಳು.

ಕಳೆದ ವರ್ಷ ಈದ್‌ಗೆ ಮನೆಗೆ ಸುಣ್ಣ ಹೊಡೆಸಿದೆವು. ನಮ್ಮದು ಎರಡು ಕೋಣೆಯ ಮನೆ, ಆರು ಜನ. ಟ್ರಂಕು ಜಾಗ ತಿನ್ನುತ್ತದೆ ಎಂದು ಅಮ್ಮಿ ಹೇಳಿದರು. ಪುಸ್ತಕಗಳನ್ನು ಹೊತ್ತು ರದ್ದಿಯವನ ತಕ್ಕಡಿಗೆ ಹಾಕಿದ್ದು ನಾನು. ನಾಲ್ಕೂವರೆ ಕೆಜಿ. ಕೆಜಿಗೆ 12 ರೂಪಾಯಿಯಂತೆ 54 ರೂಪಾಯಿ ಬಂತು. ಸರಿಯಾಗಿ ಎಣಿಸಿಕೊಂಡೆ.

ಒಂದು ಪುಸ್ತಕ ಮಾತ್ರ ಉಳಿಯಿತು. ದಾದಿ ಅದರೊಳಗೆ ತಮ್ಮ ನಿಕಾಹ್‌ನಾಮಾ, ಹಳೆಯ ರೇಷನ್ ಕಾರ್ಡು ಇಟ್ಟು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಕಾಗದ ಕಳೆಯಬಾರದು, ಯಾವಾಗ ಯಾರು ಕೇಳುತ್ತಾರೋ ಎನ್ನುವ ಭಯ ಅವರಿಗೆ ಯಾವಾಗಲೂ ಇದೆ. ಪುಸ್ತಕ ಅವರ ಮಟ್ಟಿಗೆ ಬರೀ ಫೈಲು.

ವಾಚಿನ ವಿಷಯದಲ್ಲಿ ಮುಖಭಂಗವಾದ ಮೇಲೆ ನಾನು ಆ ಪುಸ್ತಕ ಬಿಚ್ಚಿದೆ. ಓದಲು ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಓದುತ್ತಿರುವ ಅನೇಕರ ಸ್ಥಿತಿಯೂ ಇದೇ ಎಂದು ನನಗೆ ಗೊತ್ತು. ಮನೆಯಲ್ಲಿ ಉರ್ದು ಮಾತನಾಡುತ್ತೇವೆ. ಕುರಾನ್ ಓದುತ್ತೇವೆ, ಆದರೆ ಅಲ್ಲಿ ಜೇರ್, ಜಬರ್, ಪೇಶ್ ಎಲ್ಲ ಇರುತ್ತವೆ. ಕೈಬರಹದ ಉರ್ದುವಿನಲ್ಲಿ ಅವು ಇರುವುದಿಲ್ಲ. ದಾದಾ ಅವಸರದಲ್ಲಿ ಚುಕ್ಕೆಗಳನ್ನೂ ಬಿಟ್ಟಿದ್ದಾರೆ. ನಾನು ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದವಳು. ನನ್ನ ದಾದಾ ಬರೆದದ್ದು ನನಗೇ ಪರಭಾಷೆಯಂತೆ ಕಂಡಿತು.

ದಾದಿಗೆ ಓದಲು ಬರುತ್ತದೆ, ಆದರೆ ಕಣ್ಣಿಗೆ ಪೊರೆ ಬಂದಿದೆ. ನನಗೆ ಕಣ್ಣಿದೆ, ಅಕ್ಷರವಿಲ್ಲ. ಹಾಗಾಗಿ ಮಗ್ರಿಬ್ ನಮಾಜಿನ ನಂತರ ಇಬ್ಬರೂ ಕೂರಲು ಶುರುಮಾಡಿದೆವು. ಅಕ್ಷರದ ಆಕಾರ ನಾನು ಹೇಳುವುದು, ಪದ ಅವರು ಊಹಿಸುವುದು. ಅಂಕಿಗಳು ಸುಲಭವಾದವು, ಆಯತ್‌ಗಳ ಸಂಖ್ಯೆ ನೋಡಿ ಅಭ್ಯಾಸವಿತ್ತು. ನಾನು ದಾದಿಯ ಸಹಾಯವಿಲ್ಲದೆ ಓದಿದ ಮೊದಲ ಪದ ‘ಜಮಾ’. ಎರಡನೆಯದು ‘ಬಾಕಿ’. ಆಮೇಲೆ ‘ಖರ್ಚು’, ‘ವಸೂಲಿ’, ‘ರಸೀದಿ’. ಇವೆಲ್ಲ ನಾವು ಕನ್ನಡದಲ್ಲಿ ದಿನವೂ ಬಳಸುವ ಪದಗಳೇ! ಪರಭಾಷೆ ಎಂದುಕೊಂಡಿದ್ದ ಪುಸ್ತಕದ ಅರ್ಧ ಪದಗಳು ನನಗೆ ಮೊದಲೇ ಗೊತ್ತಿದ್ದವು.

ಪುಸ್ತಕ 1977–78ರದ್ದು. ಯಾವ ದಿನ ಎಷ್ಟು ಕೆಜಿ ಗೂಡು, ಏನು ದರ, ಎಷ್ಟು ನೂಲು ಬಂತು, ಸೌದೆಗೆ ಎಷ್ಟು, ಕೂಲಿ ಎಷ್ಟು ಎಂದು ಇದೆ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯಿತು ಎನ್ನುವುದನ್ನು ರೀಲರ್‌ಗಳು ರೆಂಡಿಟಾ ಎನ್ನುತ್ತಾರೆ. ದಾದಾ ಅದನ್ನೂ ಪ್ರತಿ ಲಾಟಿಗೆ ಲೆಕ್ಕ ಹಾಕಿದ್ದಾರೆ. ಕಾಸ್ಟ್ ಅಕೌಂಟಿಂಗ್ ಎಂಬ ಹೆಸರು ಅವರಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ನವೆಂಬರ್ 9ರ ಪುಟದಲ್ಲಿ, ಸೌದೆಯ ಲೆಕ್ಕದ ಕೆಳಗೆ ಹೀಗಿದೆ: ದಾಯಿಗೆ 10 ರೂಪಾಯಿ. ಮಿಠಾಯಿ 6 ರೂಪಾಯಿ. ಪಕ್ಕದಲ್ಲಿ ಎರಡೇ ಪದ, ‘ಲಡ್ಕಾ ಹುಆ’.

ಆ ಗಂಡು ಮಗು ನನ್ನ ಅಬ್ಬಾ. ಅಬ್ಬಾರ ಅಂಕಪಟ್ಟಿ, ಆಧಾರ್ ಎಲ್ಲದರಲ್ಲೂ 1977ರ ಜೂನ್ 1 ಎಂದಿದೆ. ಅಷ್ಟೇ ಅಲ್ಲ, ದೊಡ್ಡ ಫುಪ್ಪು, ಚಾಚಾ, ಚಿಕ್ಕ ಫುಪ್ಪು ಎಲ್ಲರೂ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದ ಮಕ್ಕಳಿಗೆ ಹಾಗೆ ಬರೆಯುತ್ತಿದ್ದರು. ನಿಮ್ಮ ಮನೆಯಲ್ಲೂ ಒಬ್ಬಿಬ್ಬರು ಜೂನ್ 1ರವರು ಇದ್ದೇ ಇರುತ್ತಾರೆ.

ಅಕೌಂಟೆನ್ಸಿ ಪ್ರಕಾರ ದಾದಾ ಮಾಡಿದ್ದು ತಪ್ಪು. ಮನೆಯ ಖರ್ಚನ್ನು ವ್ಯಾಪಾರದ ಖರ್ಚಿನಲ್ಲಿ ಸೇರಿಸಬಾರದು, ಅದು ಡ್ರಾಯಿಂಗ್ಸ್. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತದೆ. ಆದರೆ ಅವರು ಆ ತಪ್ಪು ಮಾಡದಿದ್ದರೆ ಅಬ್ಬಾ ಹುಟ್ಟಿದ ದಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಬ್ಬಾ ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಹಾಗಾದರೆ ನಾನು ಐದು ತಿಂಗಳು ಚಿಕ್ಕವನು” ಎಂದು ನಕ್ಕರು.

ಸುದ್ದಿ ಕೇಳಿ ದೊಡ್ಡ ಫುಪ್ಪು ಮೈಸೂರಿನಿಂದ ಫೋನ್ ಮಾಡಿದರು. ಅವರಿಗೆ ಒಂದೇ ಪ್ರಶ್ನೆ: “ನನ್ನದೂ ಬರೆದಿದ್ದಾರಾ, ನೋಡು ಬೇಟಿ.” ಬರೆದಿರಬಹುದು. ಆ ಪುಸ್ತಕ ಆ ನಾಲ್ಕೂವರೆ ಕೆಜಿಯಲ್ಲಿ ಹೋಯಿತು. ಫೋನಿನಲ್ಲಿ ನಾನು ಅವರಿಗೆ ಅದನ್ನು ಹೇಳಲಿಲ್ಲ. ಹುಡುಕುತ್ತೇನೆ ಎಂದೆ. ಇದೇ ನನ್ನನ್ನು ಇನ್ನೂ ಚುಚ್ಚುತ್ತಿರುವುದು.

ಹಳೆಯ ವಸ್ತು ಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ವಾಚನ್ನು ನಾನು ಈಗಲೂ ಕಟ್ಟುತ್ತೇನೆ. ಆದರೆ ಬೇರೆಯವರ ಹಳೆಯದಕ್ಕೆ 600 ರೂಪಾಯಿ ಕೊಟ್ಟು, ನಮ್ಮದನ್ನು 54 ರೂಪಾಯಿಗೆ ಮಾರುವುದು ಯಾವ ಹವ್ಯಾಸ?

ಇನ್ನೊಂದು ಮಾತು. ಮನೆಯ ಚರಿತ್ರೆ ಎಂದರೆ ‘ಆ ಕಾಲವೇ ಚೆನ್ನಾಗಿತ್ತು’ ಎನ್ನುವುದಲ್ಲ. ದಾದಿ ಹಾಗೆ ಒಮ್ಮೆಯೂ ಹೇಳಿಲ್ಲ. ಬಿಸಿನೀರಿನಲ್ಲಿ ಗೂಡು ಆಡಿಸಿ ಅವರ ಬೆರಳುಗಳ ಚರ್ಮ ಸುಲಿದಿತ್ತು. ಸತ್ತ ಹುಳುವಿನ ವಾಸನೆ ಬಟ್ಟೆಯಿಂದ ಹೋಗುತ್ತಿರಲಿಲ್ಲ. ಶೆಡ್ಡಿನಲ್ಲಿ ನನ್ನ ತಮ್ಮನ ವಯಸ್ಸಿನ ಮಕ್ಕಳೂ ಕೆಲಸ ಮಾಡುತ್ತಿದ್ದರು. ಅವರ ಕೂಲಿಯೂ ಪುಸ್ತಕದಲ್ಲಿದೆ, ದೊಡ್ಡವರ ಅರ್ಧಕ್ಕಿಂತ ಕಡಿಮೆ. ಅದನ್ನು ಓದಿದಾಗ ದಾದಿ ಸುಮ್ಮನಾದರು. ಅದೂ ನಮ್ಮ ಮನೆಯ ಚರಿತ್ರೆಯೇ. ಅದನ್ನು ಬಿಟ್ಟು ಮಿಠಾಯಿಯ ಸಾಲನ್ನು ಮಾತ್ರ ಓದಿದರೆ ನಾವೂ ಡಯಲ್‌ಗೆ ಬಣ್ಣ ಬಳಿದಂತೆ.

‘ನಮ್ಮ ಮನೆಯಲ್ಲಿ ಇಡಲು ಜಾಗವಿಲ್ಲ’ ಎಂದು ಗೆಳತಿಯರು ಹೇಳುತ್ತಾರೆ. ನಮ್ಮ ಮನೆಯಲ್ಲೂ ಇಲ್ಲ. ರದ್ದಿಗೆ ಹಾಕುವ ಮುನ್ನ ಪ್ರತಿ ಪುಟದ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅದಕ್ಕೆ ಜಾಗ ಬೇಡ. ಹಳೆಯ ಫೋಟೊಗಳ ಹಿಂದೆ ಯಾರು, ಯಾವ ಊರು ಎಂದು ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ದಾದಿ, ನಾನಿಯರನ್ನು ‘ಆಗ ಹೇಗಿತ್ತು’ ಎಂದು ಕೇಳಬೇಡಿ, ‘ಚೆನ್ನಾಗಿತ್ತು’ ಎಂದು ಮುಗಿಸುತ್ತಾರೆ. ‘ಮದುವೆಯ ದಿನ ಅಡುಗೆ ಯಾರು ಮಾಡಿದರು, ಕೂಲಿ ಎಷ್ಟಿತ್ತು’ ಎಂದು ಕೇಳಿ. ಕಥೆ ತಾನಾಗಿ ಬರುತ್ತದೆ.

ನಮ್ಮ ಕಾಲೇಜಿಗೂ ಒಂದು ವಿನಂತಿ. ಉರ್ದುವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳದ ನಮ್ಮಂಥವರಿಗೆ ಶನಿವಾರ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಉರ್ದು ಓದುವುದನ್ನು ಕಲಿಸಬಹುದೇ? ಪರೀಕ್ಷೆ ಬೇಡ, ಅಂಕ ಬೇಡ. ಮನೆಯಲ್ಲಿರುವ ಒಂದು ಹಳೆಯ ಕಾಗದ ತಂದು ಓದಲು ಬಂದರೆ ಸಾಕು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ನನ್ನ ಪುಸ್ತಕದಲ್ಲಿ ಇನ್ನೂ 40 ಪುಟಗಳಿವೆ, ದಾದಿಯ ಕಣ್ಣಿನ ಆಪರೇಷನ್ ಮುಂದಿನ ತಿಂಗಳು.