ಹಳೆ ಡೋಜರ್ ತನ್ನಿ, ಕೊಟ್ಟಿಗೆಯಿಂದ ದೂರ ನಿಲ್ಲಿಸಿ



ಹಸು ನೋಡಲು ಹೋದ ಮನೆಗಳಲ್ಲಿ ಈಚೆಗೆ ಹಸುವಿಗಿಂತ ಮೊದಲು ಹಳದಿ ಬಣ್ಣದ ಯಂತ್ರವೊಂದನ್ನು ತೋರಿಸುವವರು ಹೆಚ್ಚಾಗಿದ್ದಾರೆ. ‘ಸಾರ್, ಹೋದ ತಿಂಗಳು ತಂದ್ವಿ, ಹೆಂಗಿದೆ ನೋಡಿ’ ಎನ್ನುತ್ತಾರೆ. ನಾನು ಪಶುವೈದ್ಯ, ಮೆಕ್ಯಾನಿಕ್ ಅಲ್ಲ. ಆದರೂ ಇಂಥ ಹಳೆ ಸಣ್ಣ ಡೋಜರ್‌ಗಳನ್ನು ಇಟ್ಟುಕೊಂಡವರ ಮನೆಗೆ ಹೋಗಿ ಬಂದು, ಅವರ ಲಾಭ ನಷ್ಟ ಕೇಳಿ ಕೇಳಿ, ನನಗೂ ಒಂದು ಅಭಿಪ್ರಾಯ ಬಂದಿದೆ. ಒಂದು ಮನೆಯಲ್ಲಿ ಆದ ಸಾವಿನಿಂದ ಅದು ಗಟ್ಟಿಯಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಡೋಜರ್ ಏಕೆ ಬೇಕಾಯಿತು ಎಂಬುದು ಕೋಲಾರ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಮಳೆ ನಂಬಲಾಗದೆ ನೀಲಗಿರಿ ಹಾಕಿದ ಹೊಲಗಳು ನಮ್ಮಲ್ಲಿ ಬೇಕಾದಷ್ಟಿವೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಹಲವರು ತೋಪು ತೆಗೆದು ನೇಪಿಯರ್ ಹುಲ್ಲು, ಮುಸುಕಿನ ಜೋಳ ಹಾಕಲು ಮನಸ್ಸು ಮಾಡಿದ್ದಾರೆ. ಒಳ್ಳೆಯ ನಿರ್ಧಾರ. ಆದರೆ ನೀಲಗಿರಿ ಕಡಿದರೆ ಸಾಯುವ ಮರವಲ್ಲ, ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಬೊಡ್ಡೆ ಕೀಳಬೇಕು, ಗುಂಡಿ ಮುಚ್ಚಬೇಕು, ನೆಲ ಸಮ ಮಾಡಬೇಕು, ಬದು ಹಾಕಬೇಕು. ಬಾಡಿಗೆ ಯಂತ್ರದವನು ಬರುತ್ತೇನೆಂದ ದಿನ ಬರುವುದಿಲ್ಲ, ಬಂದ ದಿನ ನಮ್ಮ ಕೈಯಲ್ಲಿ ದುಡ್ಡಿರುವುದಿಲ್ಲ. ಆಗ ಯಾರೋ ಗುತ್ತಿಗೆದಾರರು ಮಾರುತ್ತಿರುವ ಹಳೆ ಚೈನ್ ಡೋಜರ್ ಕಣ್ಣಿಗೆ ಬೀಳುತ್ತದೆ.

ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಿ. ನಿಮ್ಮ ಜಮೀನಿನಲ್ಲಿ ವರ್ಷಕ್ಕೆ ಎಷ್ಟು ಗಂಟೆ ಕೆಲಸವಿದೆ? ಮೂರು ಎಕರೆ ತೋಪು ತೆಗೆಯುವುದು ಒಂದು ಸಲದ ಕೆಲಸ. ಅದಾದ ಮೇಲೆ ವರ್ಷಕ್ಕೆ 40 ಗಂಟೆ, ಗಂಟೆಗೆ 1,200 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೂ 48,000 ರೂಪಾಯಿ ಆಯಿತು. ಹಳೆ ಡೋಜರ್‌ನ ಚೈನ್ ಒಂದು ಸಲ ಬದಲಿಸಬೇಕಾಗಿ ಬಂದರೆ ಅದಕ್ಕಿಂತ ಎಷ್ಟೋ ಹೆಚ್ಚು ಹೋಗುತ್ತದೆ. ಹಾಗಾಗಿ ನಾಲ್ಕೈದು ಹಸು ಇರುವ ಒಂದೇ ಕುಟುಂಬ ಡೋಜರ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಾಲ್ಕೈದು ಮನೆಯವರು ಸೇರಿ ಕೊಂಡು, ಒಬ್ಬನೇ ಓಡಿಸಿ, ಗಂಟೆ ಲೆಕ್ಕ ಬರೆದಿಟ್ಟರೆ ನಡೆಯುತ್ತದೆ. ಹಾಲಿನ ಬಟವಾಡೆಯನ್ನೇ ನೆಚ್ಚಿಕೊಂಡು ಸಾಲದಲ್ಲಿ ತಂದವರನ್ನು ನೋಡಿದ್ದೇನೆ. ಯಂತ್ರ ಕೆಟ್ಟ ತಿಂಗಳು ಮೊದಲು ನಿಲ್ಲುವುದು ಖನಿಜ ಮಿಶ್ರಣ, ಆಮೇಲೆ ಪಶು ಆಹಾರದಲ್ಲಿ ಅರ್ಧ ಕೆಜಿ ಕಡಿತ. ಹಸು ಬೆದೆಗೆ ಬರುತ್ತಿಲ್ಲ ಎಂದು ನನಗೆ ಫೋನ್ ಬರುವುದು ಅದಾದ ಮೇಲೆ.

ಆದರೂ ಕೊಳ್ಳಲೇಬೇಕು ಎನ್ನುವವರಿಗೆ: ಹಸು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೀರಲ್ಲ, ಡೋಜರ್‌ಗೂ ಹಲ್ಲಿದೆ. ಹಿಂದಿನ ದೊಡ್ಡ ಸ್ಪ್ರಾಕೆಟ್ ಚಕ್ರದ ಹಲ್ಲು ಸವೆದು ಮುಳ್ಳಿನಂತೆ ಚೂಪಾಗಿದ್ದರೆ ಚೈನಿನ ಪಿನ್ನು, ಬುಶ್ಶುಗಳೂ ಮುಗಿದಿವೆ ಎಂದರ್ಥ. ಮಾರುವವರು ಹೊಸ ಪೇಂಟ್ ಹೊಡೆಯುತ್ತಾರೆ, ಹೊಸ ಸೀಟ್ ಹಾಕುತ್ತಾರೆ. ದುಡ್ಡು ಇರುವುದು ಕೆಳಗಡೆ, ಚೈನು ಮತ್ತು ರೋಲರ್‌ಗಳಲ್ಲಿ. ಇಂಥ ಯಂತ್ರದ ರಿಪೇರಿ ಖರ್ಚಿನಲ್ಲಿ ಸುಮಾರು ಅರ್ಧ ಅಲ್ಲಿಗೇ ಹೋಗುತ್ತದೆ ಎಂದು ಈ ಕಸುಬಿನವರು ಹೇಳುತ್ತಾರೆ. ನೀವು ಹೋಗುವ ಹೊತ್ತಿಗೆ ಎಂಜಿನ್ ಆಗಲೇ ಬಿಸಿಯಾಗಿದ್ದರೆ ವಾಪಸ್ ಬಂದು ಇನ್ನೊಂದು ದಿನ ಬೆಳಿಗ್ಗೆ ಹೋಗಿ. ಸಂತೆಗೆ ಹಿಂದಿನ ಹೊತ್ತಿನ ಹಾಲು ಕರೆಯದೆ ಕೆಚ್ಚಲು ತುಂಬಿಸಿ ತರುತ್ತಾರಲ್ಲ, ಇದೂ ಅದೇ ಆಟ. ತಣ್ಣಗಿರುವ ಎಂಜಿನ್ ನಿಮ್ಮ ಎದುರಿಗೇ ಸ್ಟಾರ್ಟ್ ಆಗಬೇಕು. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಎಂಜಿನ್ ಒಳಗೆ ನೀರು ಸೇರಿದೆ. ಆ ಹಾಲಿಗೆ ಯಾವ ಡೇರಿಯಲ್ಲೂ ರೇಟು ಸಿಗುವುದಿಲ್ಲ. ಬ್ಲೇಡ್ ಎತ್ತಿ, ಎಂಜಿನ್ ಆಫ್ ಮಾಡಿಸಿ, ದೂರ ನಿಂತು ಹತ್ತು ನಿಮಿಷ ಕಾಯಿರಿ. ಬ್ಲೇಡ್ ತಾನಾಗಿ ಬೇಗ ಇಳಿದರೆ ಹೈಡ್ರಾಲಿಕ್ ಸೀಲುಗಳು ಹೋಗಿವೆ. ಗಂಟೆ ಮೀಟರ್ ತೋರಿಸುವ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಒಂದು ಅನುಕೂಲ ನಮಗಿದೆ. ಡೋಜರ್ ತಯಾರಿಸುವ ಬೆಮೆಲ್ ಕಾರ್ಖಾನೆ ಕೆಜಿಎಫ್‌ನಲ್ಲೇ ಇದೆ. ಅಲ್ಲಿ ದುಡಿದು ನಿವೃತ್ತರಾದ ಯಾರಾದರೂ ನಿಮಗೆ ಪರಿಚಯವಿದ್ದರೆ, ಊಟ ಹಾಕಿಸಿಯಾದರೂ ಕರೆದುಕೊಂಡು ಹೋಗಿ ತೋರಿಸಿ. ಅವರು ಚೈನನ್ನು ಕಾಲಲ್ಲಿ ಒದ್ದು ನೋಡಿ ಹೇಳುವುದನ್ನು ನಾವು ಪುಸ್ತಕ ಓದಿ ಕಲಿಯಲಾರೆವು.

ತಂದ ಮೇಲಿನ ಆರೈಕೆ ದೊಡ್ಡ ವಿದ್ಯೆಯಲ್ಲ, ದಿನದ ಅಭ್ಯಾಸ. ನನ್ನ ವ್ಯಾಪ್ತಿಯ ಒಬ್ಬರು ಹತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಹಳೆ ಡೋಜರ್ ಓಡಿಸುತ್ತಿದ್ದಾರೆ. ಕೆಲಸ ಮುಗಿದ ಸಂಜೆಯೇ, ಮಣ್ಣು ಹಸಿ ಇರುವಾಗಲೇ, ಚೈನಿನ ಸಂದಿಯಲ್ಲಿನ ಕೆಸರು, ಬೇರು, ಕಲ್ಲು ಕೆರೆದು ತೆಗೆಯುತ್ತಾರೆ. ಒಣಗಿ ಗಟ್ಟಿಯಾದರೆ ಚೈನ್ ಬಿಗಿಯುತ್ತದೆ, ರೋಲರ್ ತಿರುಗದೆ ಒಂದೇ ಕಡೆ ಸವೆಯುತ್ತದೆ. ಚೈನ್ ಬಿಗಿಯಾಗಿದ್ದರೆ ಒಳ್ಳೆಯದು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು, ಬಿಗಿ ಚೈನ್ ಬೇಗ ಸವೆಯುತ್ತದೆ. ಮೇಲ್ಭಾಗದಲ್ಲಿ ಸ್ವಲ್ಪ ಜೋತಿರಬೇಕು. ಎಷ್ಟು ಎಂಬುದನ್ನು ಆ ಮಾಡೆಲ್‌ನ ಪುಸ್ತಕ ನೋಡಿ, ಗ್ರೀಸ್ ತುಂಬಿ ಅಥವಾ ಬಿಟ್ಟು ಹೊಂದಿಸಬೇಕು. ಒಂದೇ ಕಡೆಗೆ ತಿರುಗಿಸುತ್ತಾ, ಹಿಮ್ಮುಖವಾಗಿ ವೇಗದಲ್ಲಿ ಓಡಿಸುತ್ತಾ ಕೆಲಸ ಮಾಡಬಾರದು. ಪಿನ್ನು ಬುಶ್ಶು ಒಂದು ಬದಿ ಸವೆದಾಗ, ಪೂರ್ತಿ ಹಾಳಾಗುವ ಮೊದಲೇ ತಿರುಗಿಸಿ ಹಾಕಿಸಿದರೆ ಇನ್ನೊಂದು ಬದಿಯ ಆಯುಸ್ಸು ಸಿಗುತ್ತದೆ. ಅವರು ಹಾಗೆ ಮಾಡಿಸಿಯೇ ಹೊಸ ಚೈನಿನ ಖರ್ಚನ್ನು ಮುಂದೂಡಿದ್ದಾರೆ.

ಇನ್ನು ನಮ್ಮ ಕೆಂಪು ಧೂಳು. ಬೇಸಿಗೆಯಲ್ಲಿ ಏರ್ ಫಿಲ್ಟರನ್ನು ದಿನವೂ ನೋಡಬೇಕು. ಎಂಜಿನ್ ಆಯಿಲ್ ಸಾಮಾನ್ಯವಾಗಿ 250 ಗಂಟೆಗೊಮ್ಮೆ ಬದಲಿಸುತ್ತಾರೆ, ಹಳೆ ಎಂಜಿನ್‌ಗೆ ಅದಕ್ಕೂ ಮೊದಲೇ ಬದಲಿಸಿದರೆ ನಷ್ಟವಿಲ್ಲ. ಸಂಜೆಯೇ ಡೀಸೆಲ್ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿ ಒಳಗೆ ನೀರ ಹನಿ ಕಟ್ಟುವುದು ಕಡಿಮೆ. ನಿಲ್ಲಿಸುವಾಗ ಬ್ಲೇಡ್ ನೆಲಕ್ಕೆ ಇಳಿದಿರಬೇಕು. ಎತ್ತಿದ ಬ್ಲೇಡಿನ ಕೆಳಗೆ, ಕಟ್ಟೆ ಕೊಡದೆ, ಒಂದು ಬೋಲ್ಟ್ ಬಿಗಿಸಲೂ ತಲೆ ಹಾಕಬೇಡಿ. ಹೈಡ್ರಾಲಿಕ್ ಪೈಪ್ ಎಲ್ಲಿ ಸೋರುತ್ತಿದೆ ಎಂದು ಕೈಯಿಂದ ಸವರಿ ನೋಡಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ನುಗ್ಗಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ರಟ್ಟಿನ ತುಂಡು ಹಿಡಿದು ನೋಡಿ.

ತೋಪು ತೆಗೆಯುವಾಗ ಮೇಲ್ಮಣ್ಣನ್ನು ಒಂದು ಬದಿಗೆ ತಳ್ಳಿ ಇಟ್ಟುಕೊಂಡು, ಬೊಡ್ಡೆ ಕಿತ್ತು ಗುಂಡಿ ಮುಚ್ಚಿದ ಮೇಲೆ ಅದನ್ನು ಮತ್ತೆ ಹರಡಿಸಿ. ಅಡಿಯ ಜಲ್ಲಿ ಮಣ್ಣು ಮೇಲೆ ಬಂದ ಹೊಲದಲ್ಲಿ ನೇಪಿಯರ್ ಕೂಡ ಮೊಣಕಾಲೆತ್ತರಕ್ಕೆ ನಿಲ್ಲುತ್ತದೆ.

ನನ್ನ ತಕರಾರು ಇರುವುದು ರಸಮೇವಿನ ಗುಂಡಿಯ ವಿಷಯದಲ್ಲಿ. ‘ಇಷ್ಟು ಭಾರದ ಯಂತ್ರ ಇದೆ, ಮೇವು ಚೆನ್ನಾಗಿ ತುಳಿಯುತ್ತೆ’ ಎಂದು ಡೋಜರನ್ನು ಗುಂಡಿಗೆ ಇಳಿಸುತ್ತಾರೆ. ಚೈನ್ ಗಾಡಿಯ ಭಾರ ಅಗಲವಾದ ಪಟ್ಟಿಯ ಮೇಲೆ ಹಂಚಿಹೋಗುತ್ತದೆ. ಕೆಸರಿನಲ್ಲಿ ಅದು ಹೂತುಹೋಗದಿರುವುದೂ ಅದಕ್ಕೇ. ಮೇವನ್ನು ಒತ್ತಿ ಗಾಳಿ ಹೊರಡಿಸಲು ಟೈರಿನ ಟ್ರ್ಯಾಕ್ಟರೇ ಮೇಲು, ಅರ್ಧ ಅಡಿ ಪದರ ಹಾಕಿ ತುಳಿಸಿ. ಅದೂ ಅಲ್ಲದೆ ಚೈನಿನ ಜತೆ ಹೊಲದ ಮಣ್ಣು ಗುಂಡಿಗೆ ಹೋಗುತ್ತದೆ. ಮಣ್ಣು ಸೇರಿದ, ಸರಿಯಾಗಿ ಹುಳಿಯದ ರಸಮೇವಿನಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ಬೆಳೆಯುತ್ತದೆ. ಅದು ತಗಲಿದ ಹಸು ತಲೆ ವಾಲಿಸಿಕೊಂಡು ಒಂದೇ ಕಡೆ ಸುತ್ತುತ್ತದೆ, ಗಬ್ಬದ ಹಸು ಕಂದು ಹಾಕಬಹುದು. ಅದರ ಮೇಲೆ ಸೋರುವ ಆಯಿಲ್ ಬೇರೆ.

ಮೊದಲು ಹೇಳಿದ ಮನೆಯ ವಿಷಯಕ್ಕೆ ಬರುತ್ತೇನೆ. ಗಂಡ ಹೆಂಡತಿ, ಐದು ಹಸು, ಮೊದಲ ಸಲ ಗಬ್ಬ ಕಟ್ಟಿದ ಏಳು ತಿಂಗಳ ಪಡ್ಡೆ. ಡೋಜರ್ ನಿಲ್ಲಿಸಿದ್ದು ಕೊಟ್ಟಿಗೆಯ ಮಗ್ಗುಲಿಗೇ, ಒಂದೇ ತಗಡಿನ ನೆರಳಲ್ಲಿ. ಒಂದು ದಿನ ಬೆಳಿಗ್ಗೆ ಆ ತಾಯಿ ಫೋನ್ ಮಾಡಿ, ‘ಸಾರ್, ಪಡ್ಡೆಗೆ ಕಣ್ಣು ಕಾಣಿಸ್ತಿಲ್ಲ, ಗೋಡೆಗೆ ತಲೆ ಇಟ್ಕೊಂಡು ನಿಂತಿದೆ’ ಎಂದರು. ಹೋಗಿ ನೋಡಿದರೆ ಹಲ್ಲು ಕಡಿಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಕಿವಿ ಮತ್ತು ಕಣ್ಣ ರೆಪ್ಪೆ ಅದುರುತ್ತಿತ್ತು. ರೇಬೀಸ್ ಇರಬಹುದೆಂದು ಯಾರೂ ಬಾಯಿಗೆ ಕೈ ಹಾಕದಂತೆ ಹೇಳಿದೆ. ಥಯಾಮಿನ್ ಕೊರತೆಯೂ ಇರಬಹುದೆಂದು ಅದರ ಇಂಜೆಕ್ಷನ್ ಕೊಟ್ಟು ಬಂದೆ. ಸುತ್ತ ಕಣ್ಣಾಡಿಸಲಿಲ್ಲ. ಮರುದಿನ ಕೈ ತೊಳೆಯಲು ತೊಟ್ಟಿಯ ಬಳಿ ಹೋದಾಗ ಗೋಡೆಗೆ ಒರಗಿಸಿಟ್ಟಿದ್ದ ಡೋಜರಿನ ಹಳೆ ಬ್ಯಾಟರಿ ಕಂಡಿತು. ಪೆಟ್ಟಿಗೆ ಒಡೆದು ಒಳಗಿನ ಫಲಕಗಳು ಹೊರಗೆ ಬಂದಿದ್ದವು, ನೆಕ್ಕಿದ ಗುರುತಿತ್ತು.

ಸೀಸದ ವಿಷ. ಅದಕ್ಕೆ ಕ್ಯಾಲ್ಸಿಯಂ ಇಡಿಟಿಎ ಎಂಬ ಮದ್ದಿದೆ, ಆದರೆ ತರಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಮೂರನೇ ದಿನ ಪಡ್ಡೆ ಸತ್ತಿತು. ಕೊಯ್ದು ನೋಡಿದಾಗ ಎರಡನೇ ಹೊಟ್ಟೆಯಲ್ಲಿ ಬ್ಯಾಟರಿ ಫಲಕದ ಚೂರುಗಳಿದ್ದವು, ಜತೆಗೆ ಒಂದು ಸ್ಪ್ಲಿಟ್ ಪಿನ್. ಮೊದಲ ದಿನವೇ ಆ ಬ್ಯಾಟರಿಯನ್ನು ನೋಡಿದ್ದರೆ ಎಂದು ಈಗಲೂ ಅನಿಸುತ್ತದೆ. ಉಳಿದ ಹಸುಗಳೂ ಅದೇ ಜಾಗದಲ್ಲಿ ಓಡಾಡಿದ್ದವು, ಸೀಸ ಹಾಲಿಗೂ ಇಳಿಯುತ್ತದೆ. ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗೆ ಡೇರಿಗೆ ಹಾಲು ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ ಎಂದೆ. ಸಾಲದ ಕಂತು ಕಟ್ಟಬೇಕಾದ ವಾರದಲ್ಲಿ ಆ ಮಾತು ಹೇಳುವುದು ಸುಲಭವಿರಲಿಲ್ಲ. ಆ ತಾಯಿ ಎದುರಾಡದೆ ಎರಡೂ ಹೊತ್ತಿನ ಹಾಲನ್ನು ಗುಂಡಿ ತೋಡಿ ಸುರಿದರು.

ದನಗಳು ಬ್ಯಾಟರಿ ಫಲಕವನ್ನು, ಹಳೆ ಗ್ರೀಸನ್ನು, ಬಸಿದಿಟ್ಟ ಆಯಿಲನ್ನು ನೆಕ್ಕುತ್ತವೆ. ಖನಿಜದ ಕೊರತೆ ಇದ್ದರಂತೂ ಇನ್ನೂ ಹೆಚ್ಚು, ಕರುಗಳಿಗೆ ಅಪಾಯವೂ ಹೆಚ್ಚು. ಡೀಸೆಲ್, ಆಯಿಲ್ ಕುಡಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ರೇಡಿಯೇಟರಿನ ಕೂಲೆಂಟ್ ಸಿಹಿಯಾಗಿರುತ್ತದೆ, ಕರುವಿನ ಅಥವಾ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ತಂತಿ ಚೂರು, ಪಿನ್ನು ಮೇವಿನ ಜತೆ ಹೊಟ್ಟೆ ಸೇರಿದರೆ ಹೃದಯದ ಕಡೆಗೇ ಚುಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಡೋಜರ್ ನಿಲ್ಲುವ ಜಾಗ ಕೊಟ್ಟಿಗೆ, ನೀರಿನ ತೊಟ್ಟಿ, ಮೇವಿನ ಬಣವೆ ಮೂರರಿಂದಲೂ ದೂರವಿರಲಿ, ದನ ನುಗ್ಗದಂತೆ ಸುತ್ತ ಬೇಲಿ ಇರಲಿ. ರಿಪೇರಿಯೂ ಅಲ್ಲೇ ಆಗಲಿ. ಬಸಿದ ಆಯಿಲ್ ಮುಚ್ಚಳದ ಡಬ್ಬಿಗೆ ಹೋಗಲಿ. ಉಣ್ಣೆ ಸಾಯುತ್ತದೆ ಎಂದು ಅದನ್ನು ಹಸುವಿನ ಮೈಗೆ ಸವರುವ ಪದ್ಧತಿ ಬಿಡಿ. ಹಳೆ ಬ್ಯಾಟರಿಯನ್ನು ಹೊಸದು ಕೊಳ್ಳುವ ದಿನವೇ ಅಂಗಡಿಗೆ ಒಯ್ದರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಆ ಮನೆಯವರು ಡೋಜರ್ ಮಾರಲಿಲ್ಲ. ಈಗ ಅದು ಹೊಲದ ಮೂಲೆಯಲ್ಲಿ, ಹೊಂಗೆ ಮರದಡಿ, ಬೇಲಿಯೊಳಗೆ ನಿಲ್ಲುತ್ತದೆ. ಕೊಟ್ಟಿಗೆ ಪಕ್ಕದ ಅರ್ಧ ಅಡಿ ಮಣ್ಣನ್ನು ಸಲಿಕೆಯಲ್ಲಿ ಕೆರೆಸಿ ದನ ಸುಳಿಯದ ಕಡೆ ಹೂಳಿಸಿದೆವು. ಪಕ್ಕದ ಮೂರು ಮನೆಯವರು ಪಾಲು ಕೇಳುತ್ತಿದ್ದಾರಂತೆ, ಗಂಟೆ ಲೆಕ್ಕದ ಪುಸ್ತಕವನ್ನು ಆ ತಾಯಿಯೇ ಇಟ್ಟುಕೊಳ್ಳುತ್ತಾರಂತೆ.