ವಾಪಸು ಕರೆಸಿದ ಕಾರು: ಓಲೆ ಯಾವ ವಿಳಾಸಕ್ಕೆ?

2025ರ ನವೆಂಬರ್ ತಿಂಗಳಲ್ಲಿ ಮಾರುತಿ ಸುಜುಕಿ ಕಂಪನಿಯು ತನ್ನ ಗ್ರ್ಯಾಂಡ್ ವಿಟಾರಾ ಗಾಡಿಗಳ ಪೈಕಿ 39,506ನ್ನು ತಪಾಸಣೆಗಾಗಿ ವಾಪಸು ಕರೆಸಿತು. 2024ರ ಡಿಸೆಂಬರ್ 9ರಿಂದ 2025ರ ಏಪ್ರಿಲ್ 29ರ ವರೆಗೆ ತಯಾರಾದ ಈ ಗಾಡಿಗಳಲ್ಲಿ ಇಂಧನದ ಮಟ್ಟ ತೋರಿಸುವ ಸೂಚಕವೂ ಎಚ್ಚರಿಕೆಯ ದೀಪವೂ ನಿಜಸ್ಥಿತಿಯನ್ನು ತೋರಿಸದೆ ಹೋಗಬಹುದೆಂಬುದು ಕಾರಣ. ಅದೇ ತಿಂಗಳು ಟೊಯೋಟಾ ಕಿರ್ಲೋಸ್ಕರ್ ಕಂಪನಿಯೂ ಅದೇ ದೋಷಕ್ಕಾಗಿ 11,529 ಹೈರೈಡರ್ ಗಾಡಿಗಳನ್ನು ಕರೆಸಿತು. ಇವೆರಡೂ ನಮ್ಮ ಬಿಡದಿಯ ಟೊಯೋಟಾ ಕಾರಖಾನೆಯಲ್ಲಿ ಹುಟ್ಟಿದ ಅವಳಿ ಗಾಡಿಗಳೆಂಬುದನ್ನು ಬಲ್ಲವರು ಬಲ್ಲರು.

ಮೇಲ್ನೋಟಕ್ಕೆ ದೋಷ ಅಲ್ಪವೆನಿಸೀತು. ವಿದ್ಯಾಸಾಗರ ಸೇತುವೆಯ ನಟ್ಟನಡುವೆ ಇಂಧನ ತೀರಿ ಗಾಡಿ ನಿಂತುಬಿಟ್ಟರೆ, ಹಿಂದಿನಿಂದ ಬರುವ ಲಾರಿಗೆ ಅದು ಅಲ್ಪವಲ್ಲ. ಇದಕ್ಕಿಂತ ಘೋರವಾದ ದೋಷಗಳೂ ಉಂಟು. 2023ರ ಜನವರಿಯಲ್ಲಿ ಮಾರುತಿಯೇ 17,362 ಗಾಡಿಗಳನ್ನು ಕರೆಸಿದಾಗ, ಅಪಘಾತದ ಕ್ಷಣದಲ್ಲಿ ಗಾಳಿಚೀಲವನ್ನು ಬಿಚ್ಚಿಸಬೇಕಾದ ಯಂತ್ರಭಾಗದ ಮೇಲೆಯೇ ಸಂಶಯವಿತ್ತು. ಆ ಭಾಗವನ್ನು ಬದಲಿಸುವ ತನಕ ಗಾಡಿಯನ್ನು ಓಡಿಸಬೇಡಿರೆಂದು ಕಂಪನಿಯೇ ಗಿರಾಕಿಗಳಿಗೆ ಹೇಳಿತು. ಅವೆಲ್ಲ 2022ರ ಡಿಸೆಂಬರ್ 8ರ ತರುವಾಯ ತಯಾರಾದವು. ಅಂದರೆ ಕಾರಖಾನೆ ಬಿಟ್ಟು ಒಂದೂವರೆ ತಿಂಗಳೂ ತುಂಬಿರಲಿಲ್ಲ. ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಮನೆಗೆ ತಂದ ಗಾಡಿಯನ್ನು ಮರುವಾರವೇ ಮುಟ್ಟಬೇಡವೆಂದರೆ ಒಡೆಯನಿಗೆ ಏನೆನಿಸಬೇಡ! ಅದೇ ವರ್ಷದ ಜುಲೈಯಲ್ಲಿ ಎಸ್-ಪ್ರೆಸ್ಸೊ ಮತ್ತು ಈಕೋ ಗಾಡಿಗಳು ಸೇರಿ 87,599ಕ್ಕೆ ಕರೆ ಬಂದಿತು. ಸ್ಟಿಯರಿಂಗಿನ ಒಂದು ಸರಳು ವಿರಳ ಸಂದರ್ಭದಲ್ಲಿ ಮುರಿದು, ಗಾಡಿ ಹಿಡಿತ ತಪ್ಪಬಹುದೆಂಬ ಭಯ. ಈಕೋ ಎಂದರೆ ನಮ್ಮ ಹೋಟೆಲು ಬಾಂಧವರಿಗೆ ಪರಿಚಯ ಹೇಳಬೇಕಿಲ್ಲ. ಬೆಳಗಿನ ಜಾವ ಕಾಯಿಪಲ್ಲೆ, ಅಕ್ಕಿ, ಬಾಳೆಎಲೆ ಹೊರುವುದು ಅನೇಕ ಕಡೆ ಇಂಥದೇ ಗಾಡಿ. ಅದರ ಮುಂದಿನ ಆಸನದಲ್ಲಿ ಕೂರುವವನು ಯಜಮಾನನಲ್ಲ, ಸಂಬಳದ ಹುಡುಗ.

ವಾಪಸು ಕರೆ ಬಂದಿತೆಂದರೆ ಕಂಪನಿಯ ಮಾನ ಹೋಯಿತೆಂದೂ, ಕೊಂಡವನು ಮೋಸಹೋದನೆಂದೂ ತಿಳಿಯುವವರಿದ್ದಾರೆ. ನಮ್ಮ ಅಭಿಪ್ರಾಯ ಹಾಗಲ್ಲ. ಕಲ್ಕತ್ತೆಯ ನೆರೆಯ ಉತ್ತರಪಾಡಾದಲ್ಲಿ 2014ರ ಮೇ ತಿಂಗಳ ವರೆಗೆ ಅಂಬಾಸಡರ್ ತಯಾರಾಗುತ್ತಿತ್ತು. ಅದರ ಏಳಿಗೆಯ ದಶಕಗಳಲ್ಲಿ ದೋಷವೆಂಬುದು ಒಡೆಯನ ಹಣೆಬರಹ. ಅದಕ್ಕೆ ಪರಿಹಾರ ಮಲ್ಲಿಕ್ ಬಜಾರಿನ ಮಿಸ್ತ್ರಿ. ಕಾರಖಾನೆಯವರು ತಪ್ಪೊಪ್ಪಿ ಓಲೆ ಬರೆಯುವ ರೂಢಿಯೇ ಇರಲಿಲ್ಲ. ಅಮೆರಿಕದಲ್ಲಿ 1965ರಲ್ಲಿ ರಾಲ್ಫ್ ನಾಡರನು ಮೋಟಾರು ಕಂಪನಿಗಳ ಅಲಕ್ಷ್ಯವನ್ನು ಬಯಲಿಗೆಳೆದು ಪುಸ್ತಕ ಬರೆದ ಮೇಲೆ, ಮರುವರ್ಷವೇ ಅಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂದಿತು. ಕಾಯಿದೆ ಇದ್ದರೂ ಬಾಯಿ ಮುಚ್ಚಿಕೊಂಡ ಕಂಪನಿಗಳು ಅಲ್ಲಿಯೂ ಇದ್ದವು. ಜನರಲ್ ಮೋಟರ್ಸಿನ ಇಗ್ನಿಶನ್ ಸ್ವಿಚ್ಚಿನ ದೋಷ ಒಳಗಿನವರಿಗೆ ಸುಮಾರು ಹತ್ತು ವರ್ಷದಿಂದ ಗೊತ್ತಿದ್ದು, 2014ರಲ್ಲಿ ಗಾಡಿಗಳನ್ನು ಕರೆಸುವ ವೇಳೆಗೆ ಸತ್ತವರು ಸತ್ತಿದ್ದರು. ಕಂಪನಿಯ ಪರಿಹಾರ ನಿಧಿಯೇ ಒಪ್ಪಿದ ಸಾವುಗಳು 124. ಕರೆಯುವ ಕಂಪನಿಗಿಂತ ಕರೆಯದ ಕಂಪನಿಗೆ ಹೆದರಬೇಕು.

ನಮ್ಮ ದೇಶದಲ್ಲಿ ಈ ಮಾತು ತಡವಾಗಿ ಬಂದಿತು. ಸಿಂಗೂರಿನಲ್ಲಿ ಹುಟ್ಟಬೇಕಾಗಿದ್ದ ನ್ಯಾನೋ ಕಾರು 2008ರ ಗಲಭೆಯಿಂದ ಗುಜರಾತಿಗೆ ಹೋದ ಕಥೆ ಈ ಪ್ರಾಂತದಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಕಾರುಗಳಲ್ಲಿ ಕೆಲವಕ್ಕೆ ಬೆಂಕಿ ತಗಲಿದ ಮೇಲೆ, 2010ರ ನವೆಂಬರಿನಲ್ಲಿ ಟಾಟಾ ಕಂಪನಿಯು ಹೆಚ್ಚಿನ ರಕ್ಷಣೆಯ ಭಾಗಗಳನ್ನು ಉಚಿತವಾಗಿ ಜೋಡಿಸಿಕೊಡುವುದಾಗಿ ಸಾರಿತು. ಆದರೆ ಇದು ರಿಕಾಲ್ ಅಲ್ಲವೆಂದು ಒತ್ತಿ ಹೇಳಿತು! ಆ ಶಬ್ದದ ಮೇಲೆ ಆಗ ಅಷ್ಟು ಮುಜುಗರ. 2012ರ ಜುಲೈಯಲ್ಲಿ ತಯಾರಕರ ಸಂಘವು ಸ್ವಯಂಪ್ರೇರಿತ ವಾಪಸಾತಿಯ ನಿಯಮಾವಳಿಯನ್ನು ಒಪ್ಪಿತು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ 110ಎ ಎಂಬ ಕಲಮು ಸೇರಿ, 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಈ ಕಲಮಿನ ಬಲ ಕಡಮೆಯದಲ್ಲ. ಗಾಡಿಯ ದೋಷದಿಂದ ಚಾಲಕನಿಗಾಗಲಿ, ಒಳಗಿರುವವರಿಗಾಗಲಿ, ಬೀದಿಯ ಜನರಿಗಾಗಲಿ, ಪರಿಸರಕ್ಕಾಗಲಿ ಹಾನಿಯಾಗುವಂತಿದ್ದರೆ ಕೇಂದ್ರ ಸರಕಾರವು ವಾಪಸಿಗೆ ಆಜ್ಞಾಪಿಸಬಹುದು. ತಯಾರಕನು ದುರಸ್ತಿ ಮಾಡಿಕೊಡಬೇಕು, ಇಲ್ಲವೆ ಬೇರೆ ಗಾಡಿ ಕೊಡಬೇಕು, ಇಲ್ಲವೆ ಪೂರ್ಣ ಬೆಲೆ ಮರಳಿಸಬೇಕು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿಗಳ ವರೆಗೆ. ದೋಷವನ್ನು ತಾನಾಗಿ ಕಂಡು ಸರಕಾರಕ್ಕೆ ತಿಳಿಸಿ ಗಾಡಿ ಕರೆಸಿದವನಿಗೆ ದಂಡವಿಲ್ಲ. ಇಂದು ಪತ್ರಿಕೆಗಳಲ್ಲಿ ಕಾಣುವ ಪ್ರಕಟಣೆಗಳು ಬಹುಮಟ್ಟಿಗೆ ಕಂಪನಿಗಳು ತಾವಾಗಿ ಹೊರಡಿಸುವವು ಎಂಬುದರ ಗುಟ್ಟು ಇದರಲ್ಲಿಯೂ ಸ್ವಲ್ಪ ಇದ್ದೀತು. ಸರಕಾರದ ಕಡ್ಡಾಯದ ಆಜ್ಞೆಗೆ ಒಂದು ಮಿತಿಯೂ ಉಂಟು: ಏಳು ವರ್ಷ ಮೀರದ ಗಾಡಿಗಳಿಗೆ ಮಾತ್ರ ಅದು ಅನ್ವಯ.

ಇಷ್ಟೆಲ್ಲ ಇದ್ದರೂ ಸರಪಣಿಯ ಕೊನೆಯ ಕೊಂಡಿ ಸಡಿಲವಾಗಿದೆ, ಮತ್ತು ಅದು ಸಡಿಲವಾಗಿರುವುದು ವಿಶೇಷವಾಗಿ ನಮ್ಮಂಥ ಪರಸ್ಥಳದ ಜನರ ಪಾಲಿಗೆ. ಕಂಪನಿಯು ಸುದ್ದಿ ಕಳಿಸುವುದು ಯಾರಿಗೆ? ತನ್ನ ಪುಸ್ತಕದಲ್ಲಿರುವ ಹೆಸರಿಗೆ, ವಿಳಾಸಕ್ಕೆ, ಟೆಲಿಫೋನು ಅಂಕೆಗೆ. ನಮ್ಮವರ ಗಾಡಿಗಳ ಗತಿ ನೋಡಿರಿ: ಊರಲ್ಲಿ ಕೊಂಡದ್ದು, ಉಡುಪಿಯ ತಂದೆಯ ಮನೆಯ ವಿಳಾಸ, ಅಣ್ಣನ ಹೆಸರು, ಎಂದೋ ಬಿಟ್ಟುಬಿಟ್ಟ ಮೊಬೈಲ್ ನಂಬರು, ಓಡುವುದು ಮಾತ್ರ ಲೇಕ್ ಮಾರ್ಕೆಟಿನ ಸುತ್ತ. ಓಲೆ ಕುಂದಾಪುರದ ಚಾವಡಿಯ ಮೊಳೆಗೆ ಸಿಕ್ಕಿಕೊಂಡಿದ್ದರೆ ಕಲ್ಕತ್ತೆಯ ಬ್ರೇಕಿಗೆ ಏನು ಪ್ರಯೋಜನ? ಕಾರು ಒಯ್ಯದ ಒಡೆಯನಿಗೆ ಈ ಕಲಮಿನಲ್ಲಿ ಶಿಕ್ಷೆಯಿಲ್ಲ. ಆದ್ದರಿಂದ ಆತನನ್ನು ಹುಡುಕಿ ಹಿಡಿಯಬೇಕೆಂಬ ಒತ್ತಾಯವೂ ಯಾರಿಗೂ ಇಲ್ಲ. ಜರ್ಮನಿಯಲ್ಲಾದರೋ ಗಂಭೀರ ದೋಷವನ್ನು ಸರಿಪಡಿಸಿಕೊಳ್ಳದ ಗಾಡಿಯನ್ನು ಬೀದಿಗಿಳಿಸದಂತೆ ಅಧಿಕಾರಿಗಳು ತಡೆಯಬಲ್ಲರು. ಇಲ್ಲಿಯೂ ನೋಂದಣಿಯ ದಫ್ತರವೂ ವಿಮೆಯ ದಫ್ತರವೂ ಸರಕಾರದ ಕಣ್ಣಳತೆಯಲ್ಲಿಯೇ ಇವೆ. ವಿಮೆ ನವೀಕರಿಸುವಾಗ ‘ಈ ಗಾಡಿಗೆ ಬಾಕಿಯಿರುವ ಕರೆ ಇದೆ’ ಎಂಬ ಒಂದು ಸಾಲು ಮುದ್ರಿಸುವುದು ಅಸಾಧ್ಯವಾದ ಕೆಲಸವೇ? ಸಾರಿಗೆ ಮಂತ್ರಾಲಯವು ಇದನ್ನು ಆಲೋಚಿಸತಕ್ಕದ್ದು.

ಹಳೆಯ ಗಾಡಿಯನ್ನು ಹೊಸದಾಗಿ ಕೊಂಡವರ ಪಾಡು ಇನ್ನೂ ಕಷ್ಟ, ಗುಮಾಸ್ತೆಯ ಸಂಬಳದಲ್ಲಿ ಕೊಳ್ಳುವುದು ಬಹುಶಃ ಅಂಥದನ್ನೇ. ಟಕಾಟಾ ಎಂಬ ಜಪಾನೀ ಕಂಪನಿಯ ಗಾಳಿಚೀಲಗಳು ಬಿಚ್ಚುವಾಗ ಲೋಹದ ಚೂರುಗಳನ್ನು ಸಿಡಿಸಿ ಜನರನ್ನು ಕೊಂದವು. ಕಂಪನಿ 2017ರಲ್ಲಿ ದಿವಾಳಿಯೆದ್ದಿತು. ಅದರೊಳಗಿನ ಅಮೋನಿಯಂ ನೈಟ್ರೇಟು ಸೆಖೆ ಮತ್ತು ತೇವಾಂಶದಲ್ಲಿ ವರ್ಷಾನುವರ್ಷ ಕೆಡುತ್ತದೆ. ಕಲ್ಕತ್ತೆಯ ಆಷಾಢವನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೆ? ಹೊಂಡಾ ಕಂಪನಿಯು 2018ರ ಜನವರಿಯಲ್ಲಿ ಇದೇ ಕಾರಣಕ್ಕೆ ಭಾರತದಲ್ಲಿ 2013ರ 22,834 ಕಾರುಗಳನ್ನು ಕರೆಸಿತ್ತು. ಅವುಗಳಲ್ಲಿ ಸಿಟಿ ಕಾರುಗಳೂ ಇದ್ದವು. ಮೂರು ಕೈ ಬದಲಾದ ಇಂಥ ಗಾಡಿಯ ಇಂದಿನ ಒಡೆಯನಿಗೆ ಆ ಕರೆ ಕೇಳಿಸಿರಲಾರದು.

ಆದಕಾರಣ ಓಲೆಯ ದಾರಿ ಕಾಯದೆ ತಾವೇ ವಿಚಾರಿಸಬೇಕು. ನೋಂದಣಿ ಪತ್ರದಲ್ಲಿ ಚಾಸಿ ನಂಬರು ಇರುತ್ತದೆ, ಈಗಿನ ಕಾರುಗಳಲ್ಲಿ 17 ಅಕ್ಷರ-ಅಂಕೆಗಳದು. ಅದನ್ನು ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಕೊಟ್ಟರೆ ಬಾಕಿ ಕರೆ ಇದೆಯೋ ಇಲ್ಲವೋ ಹೇಳುತ್ತಾರೆ. ಕಂಪನಿಗಳ ಜಾಲತಾಣದಲ್ಲಿಯೂ ನೋಡಬಹುದು. ಕಾರು ಮಂಗಳೂರಲ್ಲಿ ಕೊಂಡದ್ದಾದರೂ ಕಲ್ಕತ್ತೆಯ ವರ್ಕ್‌ಶಾಪು ಇಲ್ಲವೆನ್ನಬೇಕಾಗಿಲ್ಲ. ದುರಸ್ತಿಗೆ ಕಾಸಿಲ್ಲ. ‘ಜೊತೆಗೆ ಸರ್ವಿಸ್ ಮಾಡಿಸಿರಿ’ ಎಂದರೆ ಬೇಕಿದ್ದರೆ ಮಾಡಿಸಬೇಕು, ಇಲ್ಲದಿದ್ದರೆ ಬೇಡ. ಬದಲಿಸಿದ ಭಾಗದ ಹೆಸರನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿಕೊಂಡು ಜೋಪಾನವಾಗಿಡಬೇಕು. ಭಾಗ ಬಂದಿಲ್ಲವೆಂದರೆ, ಓಡಿಸಬಹುದೇ ಕೂಡದೇ ಎಂಬುದನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಕೇಳಬೇಕು. ಹೋಟೆಲಿನ ಗಾಡಿಯಾದರೆ ಓಡಿಸುವ ಹುಡುಗನಿಗೂ ಈ ಸಂಗತಿ ತಿಳಿಸುವುದು ಯಜಮಾನರ ಕರ್ತವ್ಯ.

ವಿಳಾಸದ ವಿಷಯದಲ್ಲಿ ಕಾಯಿದೆಯೇ ಸ್ಪಷ್ಟವಾಗಿದೆ. ವಾಸಸ್ಥಳ ಬದಲಾದರೆ 30 ದಿನಗಳಲ್ಲಿ ತಿಳಿಸಬೇಕು. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ನಿಂತರೆ ಇಲ್ಲಿಯ ನೋಂದಣಿ ಪಡೆಯಬೇಕು. ಬೆಲ್ತಲಾದ ಮೋಟಾರು ಕಚೇರಿಯ ಸಾಲಿನಲ್ಲಿ ನಿಲ್ಲುವುದು ಸುಖದ ಕೆಲಸವಲ್ಲ, ತೆರಿಗೆಯ ಹೊರೆಯೂ ಉಂಟು. ಅದಕ್ಕೆಂದೇ ನಮ್ಮವರು ಮುಂದೂಡುತ್ತಾರೆ.

ಕಂಪನಿಯವರು ಕೈಚೆಲ್ಲಿದರೆ ದಾರಿ ಇಲ್ಲದೆ ಇಲ್ಲ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅಪಘಾತದಲ್ಲಿ ಗಾಳಿಚೀಲ ಬಿಚ್ಚಿಕೊಳ್ಳದ ಹ್ಯುಂಡೈ ಕ್ರೆಟಾ ಕಾರಿನ ಒಡೆಯನಿಗೆ ಪರಿಹಾರವನ್ನೂ ಬದಲಿ ಗಾಡಿಯನ್ನೂ ಕೊಡಬೇಕೆಂಬ ಆಜ್ಞೆಯನ್ನು ಎತ್ತಿಹಿಡಿಯಿತು. ಡಿಕ್ಕಿಯ ವೇಗವನ್ನೂ ಬಲವನ್ನೂ ಲೆಕ್ಕಹಾಕುವ ಭೌತಶಾಸ್ತ್ರಜ್ಞನಾಗಿರಬೇಕಾದ ಹೊಣೆ ಗಿರಾಕಿಯದಲ್ಲವೆಂಬುದು ಅದರ ನಿಲುವು. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಎರಡು ವರ್ಷದ ಅವಧಿಯಿದೆ; ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಹೂಡಬಹುದು. ಉಡುಪಿಯಲ್ಲಿ ಕೊಂಡ ಗಾಡಿಗಾಗಿ ಉಡುಪಿಗೆ ರೈಲು ಹತ್ತಬೇಕಾಗಿಲ್ಲ.