ದರ್ಬೆಯ ಸೆಖೆಗೆ ಎಂತಕ್ಕೆ ಮಾರಾಯ್ರೆ ಹಿಮ?

ಈ ಸಲವೂ ಗೋದಲಿಗೆ ಥರ್ಮಾಕೋಲ್ ಪುಡಿ ಉದುರಿಸ್ತೀರಾ? ಹಬ್ಬ ಮುಗಿದ ಮೇಲೆ ಅದು ಹಾರಿ ತೋಡಿಗೇ ಹೋಗುವುದು. ಅದರ ಬದಲು ಪಟಿಕದ ನಕ್ಷತ್ರ ಮಾಡಿ ನೋಡಿ. ಸೆಲೂನಿನಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಅದೇ ಕಲ್ಲು.

100 ಎಂಎಲ್ ನೀರಿನಲ್ಲಿ 20 ಡಿಗ್ರಿಗೆ ಸುಮಾರು 14 ಗ್ರಾಂ ಪಟಿಕ ಕರಗ್ತದೆ, 50 ಡಿಗ್ರಿಗೆ ಸುಮಾರು 37. ಆಟ ಇರುವುದೇ ಈ ವ್ಯತ್ಯಾಸದಲ್ಲಿ. ಬಿಸಿ ನೀರಿಗೆ ಪುಡಿ ಹಾಕಿ, ಇನ್ನು ಕರಗುವುದಿಲ್ಲ ಅನ್ನುವಷ್ಟು ಕದಡಿ. ತೆಂಗಿನ ಕಡ್ಡಿಯ ನಕ್ಷತ್ರಕ್ಕೆ ಉಲ್ಲನ್ ಸುತ್ತಿ ಇಳಿಬಿಡಿ. ರಾತ್ರಿ ನೀರು ತಣಿದಂತೆ ಹೆಚ್ಚಾದ ಪಟಿಕವೆಲ್ಲ ಹರಳಾಗಿ ಉಲ್ಲನಿಗೆ ಅಂಟ್ತದೆ. ಅಲುಗಾಡಿಸಬೇಡಿ. (ಅಲ್ಯೂಮಿನಿಯಂ ಪಾತ್ರೆ ಬೇಡ. ಚಿಕ್ಕ ಮಕ್ಕಳು ಬಾಯಿಗೆ ಹಾಕದ ಹಾಗೆ ನೋಡ್ಕೊಳ್ಳಿ.)

ಪರೀಕ್ಷೆಗೆ ಬಾಯಿಪಾಠ ಮಾಡಿದ ‘ಸ್ಯಾಚುರೇಟೆಡ್ ಸೊಲ್ಯೂಷನ್’ ಎಂತದು ಅಂತ ಆಗ ಕಣ್ಣಿಗೇ ಕಾಣ್ತದೆ.

ಬೆಳಿಗ್ಗೆ ಫೋಟೋ ಹಾಕಿ, ಟ್ಯಾಗ್ ಮಾಡಿ.